ತಕ್ಕಡಿ ಗೋಡೌನಿನಲ್ಲಿ, ಬಿಲ್ಲು ಆಫೀಸಿನಲ್ಲಿ
ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ

ಈ ಸಲ ತುಮಕೂರು ಜಿಲ್ಲೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯ ಸುತ್ತ ಇದ್ದವು: ಒಂದು ಕಂಪ್ಯೂಟರಿಗೆ ಸಿಕ್ಕಿಸಿದ ಸೀರಿಯಲ್ ಪೋರ್ಟನ್ನು (ತಕ್ಕಡಿ, ಮೀಟರಿನಂಥ ಯಂತ್ರಗಳು ದತ್ತಾಂಶವನ್ನು ಒಂದರ ಹಿಂದೊಂದು ಬಿಟ್ ಆಗಿ ಕಳಿಸುವ ಕಿಂಡಿ, ವಿಂಡೋಸ್‌ನಲ್ಲಿ ಇದರ ಹೆಸರು ಕಾಮ್ ಪೋರ್ಟ್) ನೆಟ್‌ವರ್ಕ್ ಮೂಲಕ ಇನ್ನೊಂದರಲ್ಲಿ ಬಳಸುವುದು ಹೇಗೆ, ಅದೂ ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇರುವಾಗ. ಆಜ್ಞೆ ಮತ್ತು ಫೈಲುಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಲಿನಕ್ಸ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂಬುದು ನೆನಪಿರಲಿ.

ಪ್ರಶ್ನೆ: ನಮ್ಮದು ಕೊಬ್ಬರಿ ಮಂಡಿ. ಎಲೆಕ್ಟ್ರಾನಿಕ್ ತಕ್ಕಡಿ ಗೋಡೌನಿನಲ್ಲಿದೆ, ಆಫೀಸು 60 ಮೀಟರ್ ಆಚೆ. ಬಿಲ್ಲಿಂಗ್ ಪ್ರೋಗ್ರಾಂ ವಿಂಡೋಸ್‌ನಲ್ಲಿದೆ, ಹಳೆಯದು, ಕಾಮ್ ಪೋರ್ಟ್ ಬಿಟ್ಟು ಬೇರೇನೂ ಅದಕ್ಕೆ ಗೊತ್ತಿಲ್ಲ. ಲೆಕ್ಕ ಬರೆಯುವವರ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ, ಅವರಿಗೂ ತೂಕ ಕಾಣಬೇಕು. ತಕ್ಕಡಿಯಿಂದ ಆಫೀಸಿಗೆ ಉದ್ದ ವೈರು ಎಳೆಸಿದೆವು, ಏನೇನೋ ಅಕ್ಷರ ಬರುತ್ತಿವೆ. ಏನು ಮಾಡಬೇಕು?
– ತಿಪಟೂರಿನ ಓದುಗರು

ಉತ್ತರ: ಆ ವೈರನ್ನು ಮೊದಲು ಬಿಚ್ಚಿಡಿ. ತಕ್ಕಡಿಯ ಇಂಡಿಕೇಟರಿನ (ತೂಕ ತೋರಿಸುವ ಡಬ್ಬಿಯ) ಹಿಂದೆ ಇರುವುದು ಆರ್‌ಎಸ್-232 ಎಂಬ ಬಗೆಯ ಸೀರಿಯಲ್ ಪೋರ್ಟ್. ಹಳೆಯ ಮಾನದಂಡದಲ್ಲಿ ಅದಕ್ಕೆ ಹೇಳಿದ ಉದ್ದ ಸುಮಾರು 15 ಮೀಟರ್. ನಿಧಾನದ ವೇಗದಲ್ಲಿ ಅದಕ್ಕಿಂತ ದೂರ ಹೋಗುವುದುಂಟು, ಆದರೆ ಗೋಡೌನಿನ ಮೋಟಾರು, ಟ್ಯೂಬ್‌ಲೈಟುಗಳ ಪಕ್ಕದಲ್ಲಿ 60 ಮೀಟರ್ ಎಳೆದು ನಂಬಿ ಕೂರುವಂಥದ್ದಲ್ಲ. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆ ಇದ್ದರೆ ಆ ವೈರಿನ ಗ್ರೌಂಡ್‌ನಲ್ಲೇ ಕರೆಂಟ್ ಹರಿಯುತ್ತದೆ. ಗುಡುಗು ಸಿಡಿಲಿನ ದಿನ ಎರಡೂ ಬದಿಯ ಪೋರ್ಟ್ ಸುಡಬಹುದು. ಈಥರ್ನೆಟ್ ಕೇಬಲ್ ಆದರೆ 100 ಮೀಟರ್ ತನಕ ಸರಿ. ಅದರ ಎರಡು ತುದಿಯಲ್ಲೂ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಗ್ರೌಂಡ್ ತಾಪತ್ರಯವೂ ಕಡಿಮೆ.

ಬೇಕಾದ ಸಾಮಾನು: ಗೋಡೌನಿನಲ್ಲಿ ಇಡಲು ಒಂದು ರಾಸ್ಪ್‌ಬೆರಿ ಪೈ (ಚಿಕ್ಕ ಲಿನಕ್ಸ್ ಕಂಪ್ಯೂಟರ್, ಮುಂದೆ ಬರೀ ‘ಪೈ’), ಇಲ್ಲವೇ ಮೂಲೆಯಲ್ಲಿ ಬಿದ್ದಿರುವ ಹಳೇ ಸಿಸ್ಟಮ್‌ಗೆ ಡೆಬಿಯನ್ ಲಿನಕ್ಸ್ ಹಾಕಿದರೂ ಆಯಿತು. ಒಂದು ಯುಎಸ್‌ಬಿ–ಆರ್‌ಎಸ್232 ಕನ್ವರ್ಟರ್. ಕ್ಯಾಟ್5ಇ ಕೇಬಲ್ 70 ಮೀಟರ್, ಬಿಸಿಲಿಗೆ ಬೀಳುವಲ್ಲಿ ಪೈಪಿನೊಳಗೆ. ಒಂದು ಸಣ್ಣ ಯುಪಿಎಸ್. ಪೈನ ಪಿನ್ನುಗಳಿಗೇ ನೇರವಾಗಿ ತಕ್ಕಡಿಯ ವೈರು ಕೊಡುವ ಸಾಹಸ ಬೇಡ. ಅವು 3.3 ವೋಲ್ಟಿನವು. ಆರ್‌ಎಸ್-232 ಪ್ಲಸ್ ಮೈನಸ್ 12 ವೋಲ್ಟಿನ ಸುಮಾರಿಗೆ ಆಡುತ್ತದೆ, ಬೋರ್ಡು ಹೋಗುತ್ತದೆ. ಇಂಡಿಕೇಟರಿನ ಸೀಲ್ ಒಡೆದು ಒಳಗಿಂದ ವೈರು ತೆಗೆಯುವುದೂ ಬೇಡ, ಅದು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ. ಹಿಂದಿನ 9 ಪಿನ್ನಿನ ಕನೆಕ್ಟರ್ ಸಾಕು: 2 ಮತ್ತು 3 ದತ್ತಾಂಶಕ್ಕೆ, 5 ಗ್ರೌಂಡ್‌ಗೆ. ಏನೂ ಬರದಿದ್ದರೆ 2 ಮತ್ತು 3ನ್ನು ಅದಲು ಬದಲು ಮಾಡಿ ನೋಡಿ. ಕನ್ವರ್ಟರ್ ಮೇಲೆ ಅನುಮಾನವಿದ್ದರೆ ಅದರ 2–3ನೇ ಪಿನ್ನನ್ನು ಒಂದು ತಂತಿಯಿಂದ ಕೂಡಿಸಿ. ಟೈಪ್ ಮಾಡಿದ್ದು ತಿರುಗಿ ಪರದೆಗೆ ಬಂದರೆ ಕನ್ವರ್ಟರ್ ಸರಿಯಿದೆ.

ಪೈನಲ್ಲಿ ‘ಸೆರ್2ನೆಟ್’ ಎಂಬ ಪ್ರೋಗ್ರಾಂ ಹಾಕಿ, ಸೀರಿಯಲ್ ಪೋರ್ಟನ್ನು ನೆಟ್‌ವರ್ಕಿಗೆ ಒಡ್ಡುವುದು ಇದೇ. 4ನೇ ಆವೃತ್ತಿಯಿಂದ ಅದರ ಸೆಟ್ಟಿಂಗ್ ಇರುವುದು ಇಟಿಸಿ ಫೋಲ್ಡರಿನ ಸೆರ್2ನೆಟ್ ಡಾಟ್ ಯಮಲ್ ಫೈಲಿನಲ್ಲಿ. ಮಾದರಿ ಸಾಲುಗಳಿದ್ದರೆ ತೆಗೆದುಹಾಕಿ, ನಾಲ್ಕು ಭಾಗ ಬರೆಯಿರಿ. ‘ಕನೆಕ್ಷನ್’, ಅದರ ಮುಂದೆ & ಚಿಹ್ನೆ ಹಾಕಿ ಒಂದು ಹೆಸರು. ‘ಆಕ್ಸೆಪ್ಟರ್’, ಅದರ ಮುಂದೆ ಟಿಸಿಪಿ, ಅಲ್ಪವಿರಾಮ, 2001. (ಟಿಸಿಪಿ ಎಂಬುದು ನೆಟ್‌ವರ್ಕಿನಲ್ಲಿ ದತ್ತಾಂಶ ಸಾಗಿಸುವ ಕ್ರಮ, 2001 ಅದರ ಬಾಗಿಲಿನ ಸಂಖ್ಯೆ.) ‘ಕನೆಕ್ಟರ್’, ಅದರ ಮುಂದೆ ಸೀರಿಯಲ್‌ಡೆವ್, ಡೆವ್ ಫೋಲ್ಡರಿನಲ್ಲಿರುವ ಪೋರ್ಟಿನ ಪೂರ್ಣ ಹೆಸರು, 9600ಎನ್81, ಲೋಕಲ್, ಎಲ್ಲವೂ ಅಲ್ಪವಿರಾಮದಿಂದ ಬೇರೆಯಾಗಿ. 9600ಎನ್81 ಅಂದರೆ ವೇಗ 9600, ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಹೆಚ್ಚುವರಿ ಬಿಟ್) ಇಲ್ಲ, 8 ಬಿಟ್, 1 ಸ್ಟಾಪ್ ಬಿಟ್. ಕೊನೆಗೆ ‘ಆಪ್ಷನ್ಸ್’ ಅಡಿಯಲ್ಲಿ ‘ಮ್ಯಾಕ್ಸ್-ಕನೆಕ್ಷನ್ಸ್’ 2 ಮತ್ತು ‘ಕಿಕ್‌ಓಲ್ಡ್‌ಯೂಸರ್’ ಟ್ರೂ. ಒಳಸಾಲುಗಳನ್ನು ಸ್ಪೇಸ್ ಬಾರಿನಿಂದಲೇ ಒಳಗೆ ತಳ್ಳಿ. ಟ್ಯಾಬ್ ಒತ್ತಿದರೆ ಯಮಲ್ ಒಪ್ಪುವುದಿಲ್ಲ, ದೋಷವೂ ಬೇಗ ಕಣ್ಣಿಗೆ ಬೀಳುವುದಿಲ್ಲ. ರೂಟರಿನಲ್ಲಿ ಪೈಗೆ 192.168.1.50ರಂಥ ಒಂದು ವಿಳಾಸವನ್ನು ಕಾಯಂ ಮಾಡಿಡಿ.

ವೇಗ ಮತ್ತು ಪ್ಯಾರಿಟಿ ಇಂಡಿಕೇಟರಿನ ಮೆನುವಿನಲ್ಲಿ ಏನಿದೆಯೋ ಅದೇ ಆಗಬೇಕು. ಎಲ್ಲವೂ ಕಸವಾಗಿ ಬಂದರೆ ವೇಗ ತಪ್ಪು. ಅರ್ಧಂಬರ್ಧ ಸರಿಯಿದ್ದರೆ ಪ್ಯಾರಿಟಿ ನೋಡಿ. ಅದಕ್ಕೊಂದು ಗುರುತಿದೆ: 0, 3, 5, 6, 9 ಸರಿಯಾಗಿ ಕಂಡು 1, 2, 4, 7, 8 ಮಾತ್ರ ಕೆಟ್ಟು ಬಂದರೆ ತಕ್ಕಡಿ 7 ಬಿಟ್, ಈವನ್ ಪ್ಯಾರಿಟಿಯಲ್ಲಿ ಕಳಿಸುತ್ತಿದೆ, ನೀವು 8 ಬಿಟ್ ಎಂದು ಓದುತ್ತಿದ್ದೀರಿ ಎಂದರ್ಥ. ಬಿಟ್‌ಗಳಲ್ಲಿ ಒಂದರ ಎಣಿಕೆ ಬೆಸವಾದ ಅಂಕಿಗಳಿಗೆಲ್ಲ ಎಂಟನೇ ಬಿಟ್ ಅಂಟಿಕೊಳ್ಳುತ್ತದೆ. ಇದಕ್ಕೆ ಸರಿಯಾಗಿ ತಿರುಗುಮುರುಗಾಗಿದ್ದರೆ ಆಡ್ ಪ್ಯಾರಿಟಿ. ಮೊದಲಾದರೆ 9600ಇ71, ಎರಡನೆಯದಾದರೆ 9600ಒ71 ಎಂದು ಬರೆಯಿರಿ.

ಈಗ ವಿಂಡೋಸ್ ಬದಿ. ಅಲ್ಲಿ ಒಂದು ಸುಳ್ಳು ಕಾಮ್ ಪೋರ್ಟ್ ಹುಟ್ಟಿಸಬೇಕು. ಹೆಚ್‌ಡಬ್ಲ್ಯೂ ವಿಎಸ್‌ಪಿ3 ಎಂಬ ಪ್ರೋಗ್ರಾಂ ಒಂದು ಪೋರ್ಟಿಗೆ ಉಚಿತ. ಪೋರ್ಟ್ ಹೆಸರು ಕಾಮ್3, ವಿಳಾಸ 192.168.1.50, ಸಂಖ್ಯೆ 2001 ಕೊಡಿ, ಎನ್‌ವಿಟಿ (ಟೆಲ್ನೆಟ್ ಕ್ರಮದಲ್ಲಿ ಮಾತಾಡು) ಎಂಬ ಟಿಕ್ ತೆಗೆಯಿರಿ. ಕಾಮ್0ಕಾಮ್ ಮತ್ತು ಹಬ್4ಕಾಮ್ ಜೋಡಿಯಿಂದಲೂ ಇದೇ ಕೆಲಸ ಆಗುತ್ತದೆ. ಆದರೆ ಅದರ ಡ್ರೈವರಿನ ಸಹಿಯನ್ನು ಹೊಸ ವಿಂಡೋಸ್ ಎಲ್ಲ ಕಡೆ ಒಪ್ಪುವುದಿಲ್ಲ, ಸೆಕ್ಯೂರ್ ಬೂಟ್ ಇದ್ದರೆ ಜಗಳ ಹೆಚ್ಚು. ಪೋರ್ಟ್ ಸಂಖ್ಯೆ ಸಣ್ಣದಿರಲಿ. ನಿಮ್ಮಂಥ ಹಳೇ ಪ್ರೋಗ್ರಾಂಗಳು ವಿಷುಯಲ್ ಬೇಸಿಕ್ 6ರಲ್ಲಿ ಬರೆದವಾಗಿದ್ದರೆ 16ರ ಆಚೆಗಿನ ಕಾಮ್ ಪೋರ್ಟ್ ಅವುಗಳಿಗೆ ಕಾಣುವುದೇ ಇಲ್ಲ.

ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ತೂಕ ಬರೀ ನೋಡಲು ‘ಎನ್‌ಸಿ’ ಆಜ್ಞೆ, ಪೈನ ವಿಳಾಸ, 2001 ಅಂದರೆ ಸಾಕು, ಸಾಲು ಸಾಲಾಗಿ ಬರುತ್ತದೆ. ಪ್ರೋಗ್ರಾಂಗೆ ಪೋರ್ಟೇ ಬೇಕೆಂದರೆ ‘ಸೋಕ್ಯಾಟ್’ ಬಳಸಿ. ಒಂದು ಬದಿಗೆ ಪಿಟಿವೈ, ಅದಕ್ಕೆ ಲಿಂಕ್ ಹೆಸರು, ರಾ, ಎಕೋ=0. ಇನ್ನೊಂದು ಬದಿಗೆ ಟಿಸಿಪಿ, ವಿಳಾಸ, 2001.

ಇಷ್ಟೆಲ್ಲ ಆದ ಮೇಲೆ ಒಂದು ಮೋಸ ಉಳಿದಿರುತ್ತದೆ, ವ್ಯಾಪಾರದ ಜಾಗವಾದ್ದರಿಂದ ಒತ್ತಿ ಹೇಳುತ್ತೇವೆ. ಇಂಡಿಕೇಟರ್ ನಿಲ್ಲದೆ ತೂಕ ಕಳಿಸುತ್ತಲೇ ಇರುತ್ತದೆ. ಬಿಲ್ಲಿಂಗ್ ಪ್ರೋಗ್ರಾಂ ಪೋರ್ಟ್ ತೆರೆದಿಟ್ಟು ಓದದೆ ಕೂತರೆ ಆ ಸಾಲುಗಳು ದಾರಿಯುದ್ದಕ್ಕೂ ಬಫರಿನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಪೇರುತ್ತವೆ. ಸೆಕೆಂಡಿಗೆ 10 ಸಾಲು, ಸಾಲಿಗೆ 16 ಬೈಟ್ ಎಂದಿಟ್ಟುಕೊಂಡರೆ 64 ಕಿಲೋಬೈಟ್ ತುಂಬಲು ಸುಮಾರು ಏಳು ನಿಮಿಷ ಬೇಕು. ಆಮೇಲೆ ಬಟನ್ ಒತ್ತಿದಾಗ ಮೊದಲು ಕೈಗೆ ಬರುವುದು ಏಳು ನಿಮಿಷದ ಹಿಂದಿನ ತೂಕ, ಅಂದರೆ ಬೇರೆ ರೈತರ ಚೀಲದ್ದು. ನೇರ ಕೇಬಲ್ಲಿನಲ್ಲಿ ಬಫರ್ ಸಣ್ಣದು, ಹಾಗಾಗಿ ಇದು ಗಮನಕ್ಕೆ ಬಂದಿರುವುದಿಲ್ಲ. ಇಂಡಿಕೇಟರ್ ಮೆನುವಿನಲ್ಲಿ ‘ಕೇಳಿದಾಗ ಮಾತ್ರ ಕಳಿಸು’ ಎಂಬ ಬಗೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಪ್ರತಿ ತೂಕಕ್ಕೂ ಪೋರ್ಟ್ ತೆರೆದು, ಓದಿ, ಮುಚ್ಚುವಂತೆ ಪ್ರೋಗ್ರಾಂ ಹೊಂದಿಸಿ. ಒಪ್ಪಿಸಿಕೊಳ್ಳುವ ಮುಂಚೆ ತಕ್ಕಡಿಯ ಮೇಲೆ 20 ಕೆಜಿ ಬಟ್ಟು ಇಟ್ಟು, ಹತ್ತು ನಿಮಿಷ ಬಿಟ್ಟು, ತೆಗೆದ ಕೂಡಲೇ ಬಟನ್ ಒತ್ತಿ ನೋಡಿ. ಸೊನ್ನೆ ಬರಬೇಕು.

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಪೋರ್ಟ್ ‘ಬಳಕೆಯಲ್ಲಿದೆ’ ಎಂದು ಬರುತ್ತದೆ. ಪೈಗೆ ಯುಪಿಎಸ್ ಇದೆ, ಆಫೀಸಿನ ಸಿಸ್ಟಮ್‌ಗೆ ಇಲ್ಲ.
– ಗುಬ್ಬಿಯ ಓದುಗರು

ಉತ್ತರ: ಆಫೀಸಿನ ಸಿಸ್ಟಮ್ ‘ಹೋಗಿ ಬರುತ್ತೇನೆ’ ಎನ್ನದೆ ಆರಿತು. ಪೈ ಇನ್ನೂ ಹಳೇ ಸಂಪರ್ಕ ಹಿಡಿದುಕೊಂಡು ಕೂತಿದೆ. ತಕ್ಕಡಿ ಸಾಲು ಕಳಿಸುತ್ತಿದ್ದರೆ ಆ ಸಂಪರ್ಕ ಸತ್ತಿದೆ ಎಂದು ಲಿನಕ್ಸ್ ತೀರ್ಮಾನಿಸಲು ಕಾಲು ಗಂಟೆ ಹಿಡಿಯುತ್ತದೆ. ಪೋರ್ಟ್ ಸುಮ್ಮನಿದ್ದರೆ ಕೀಪ್‌ಅಲೈವ್ (ಎದುರಿನವರು ಇನ್ನೂ ಇದ್ದಾರೆಯೇ ಎಂಬ ವಿಚಾರಣೆ) ಶುರುವಾಗುವುದೇ 7200 ಸೆಕೆಂಡ್ ಆದ ಮೇಲೆ, ಅಂದರೆ ಎರಡು ಗಂಟೆ. ಮೇಲೆ ಹೇಳಿದ ‘ಕಿಕ್‌ಓಲ್ಡ್‌ಯೂಸರ್’ ಇದಕ್ಕೇ ಮದ್ದು: ಹೊಸಬರು ಬಂದರೆ ಹಳಬರನ್ನು ಎಬ್ಬಿಸುತ್ತದೆ.

ಪ್ರಶ್ನೆ: ನಮ್ಮ ವರ್ಕ್‌ಶಾಪಿನಲ್ಲಿ ಫಾನುಕ್ ಕಂಪನಿಯ ಕಂಟ್ರೋಲಿನ ಹಳೇ ಸಿಎನ್‌ಸಿ (ಕಂಪ್ಯೂಟರ್ ಆಜ್ಞೆಯಂತೆ ಕತ್ತರಿಸುವ ಯಂತ್ರ) ಇದೆ. ಪಕ್ಕದ ಲಿನಕ್ಸ್ ಪೆಟ್ಟಿಗೆಗೆ ಕೇಬಲ್ ಕೊಟ್ಟು, ಮಹಡಿಯ ಮೇಲಿನ ವಿಂಡೋಸ್‌ನಿಂದ ಪ್ರೋಗ್ರಾಂ ಕಳಿಸಿದರೆ ಚಿಕ್ಕವು ಹೋಗುತ್ತವೆ, ದೊಡ್ಡವು ಮಧ್ಯದಲ್ಲಿ 087 ಅಲಾರಂ ಕೊಟ್ಟು ನಿಲ್ಲುತ್ತವೆ. ಒಮ್ಮೊಮ್ಮೆ 086 ಕೂಡ.
– ತುಮಕೂರು ಅಂತರಸನಹಳ್ಳಿಯ ಓದುಗರು

ಉತ್ತರ: 087 ಅಂದರೆ ಬಫರ್ ಉಕ್ಕಿತು. ಯಂತ್ರ ‘ಸಾಕು, ನಿಲ್ಲಿಸು’ ಎಂದು ಎಕ್ಸ್‌ಆಫ್ ಅಕ್ಷರ ಕಳಿಸುತ್ತದೆ, ಅಂಕಿಯಲ್ಲಿ 19. ಅದಾದ ಮೇಲೆ 10 ಅಕ್ಷರದೊಳಗೆ ಕಳಿಸುವವರು ನಿಲ್ಲದಿದ್ದರೆ ಈ ಅಲಾರಂ. ಲೆಕ್ಕ ಹಾಕಿ: 9600 ವೇಗ, 7 ಬಿಟ್, ಈವನ್, 2 ಸ್ಟಾಪ್ ಅಂದರೆ ಅಕ್ಷರಕ್ಕೆ 11 ಬಿಟ್, ಸೆಕೆಂಡಿಗೆ ಸುಮಾರು 872 ಅಕ್ಷರ. 10 ಅಕ್ಷರಕ್ಕೆ ಸಿಗುವುದು ಹನ್ನೊಂದೂವರೆ ಮಿಲಿಸೆಕೆಂಡ್. ಆ ‘ಸಾಕು’ ಎಂಬ ಮಾತು ಪೆಟ್ಟಿಗೆ ದಾಟಿ, ಸ್ವಿಚ್ ದಾಟಿ, ಮಹಡಿ ಹತ್ತಿ ವಿಂಡೋಸ್‌ಗೆ ಮುಟ್ಟುವಷ್ಟರಲ್ಲಿ ಯಂತ್ರದ ಕಡೆಗೆ ನೂರಾರು ಅಕ್ಷರ ಆಗಲೇ ಹೊರಟಿರುತ್ತವೆ. ಚಿಕ್ಕ ಪ್ರೋಗ್ರಾಂಗಳು ಯಂತ್ರ ‘ಸಾಕು’ ಅನ್ನುವ ಮೊದಲೇ ಮುಗಿಯುವುದರಿಂದ ಬಚಾವಾಗುತ್ತವೆ.

ಆದ್ದರಿಂದ ನಿಲ್ಲಿಸುವ ಕೆಲಸ ಯಂತ್ರದ ಪಕ್ಕದ ಪೆಟ್ಟಿಗೆಯದ್ದೇ ಆಗಬೇಕು. ಸೆರ್2ನೆಟ್‌ನ ಕನೆಕ್ಟರ್ ಸಾಲಿನಲ್ಲಿ ‘ಎಕ್ಸ್‌ಆನ್‌ಎಕ್ಸ್‌ಆಫ್’ ಎಂದು ಸೇರಿಸಿ. ಯಂತ್ರಕ್ಕೆ ಫೈಲು ಕಳಿಸುವ ನಿಮ್ಮ ಡಿಎನ್‌ಸಿ ಪ್ರೋಗ್ರಾಂ ವೇಗ, ಪ್ಯಾರಿಟಿಗಳನ್ನು ತಾನೇ ಬದಲಿಸುವಂಥದ್ದಾದರೆ ಆಕ್ಸೆಪ್ಟರ್‌ನಲ್ಲಿ ಬರೀ ಟಿಸಿಪಿ ಸಾಲದು: ಟೆಲ್ನೆಟ್, ಆವರಣದೊಳಗೆ ಆರ್‌ಎಫ್‌ಸಿ2217, ಆಮೇಲೆ ಟಿಸಿಪಿ, 2001. ಆರ್‌ಎಫ್‌ಸಿ 2217 ಎಂಬುದು 1997ರ ಒಪ್ಪಂದ. ವೇಗ, ಪ್ಯಾರಿಟಿ, ಫ್ಲೋ ಕಂಟ್ರೋಲ್ (ನಿಲ್ಲು–ಕಳಿಸು ಸೂಚನೆ), ‘ಕಂಪ್ಯೂಟರ್ ಸಿದ್ಧ’ ಎನ್ನುವ ಡಿಟಿಆರ್ ಸಿಗ್ನಲ್‌ನಂಥ ಸಂಗತಿಗಳನ್ನು ಅಕ್ಷರಗಳ ಜೊತೆಗೇ ಹೊತ್ತೊಯ್ಯುತ್ತದೆ. ಆಗ ವಿಂಡೋಸ್ ಬದಿಯಲ್ಲಿ ಎನ್‌ವಿಟಿ ಟಿಕ್ ಹಾಕಲೇಬೇಕು. ಒಂದು ಬದಿ ಟೆಲ್ನೆಟ್, ಇನ್ನೊಂದು ಬದಿ ಬರೀ ಟಿಸಿಪಿ ಆದರೆ ಸಂಪರ್ಕವಾದ ಕೂಡಲೇ ನಾಲ್ಕಾರು ವಿಚಿತ್ರ ಅಕ್ಷರ ಬೀಳುತ್ತವೆ, ಆ ಗುರುತು ಹಿಡಿಯಿರಿ.

ಕನ್ವರ್ಟರ್ ಕೂಡ ಮುಖ್ಯ. ಎಫ್‌ಟಿ232 ಚಿಪ್ ಎಕ್ಸ್‌ಆಫ್ ಅನ್ನು ತಾನೇ ಗುರುತಿಸಿ ನಿಲ್ಲಿಸುತ್ತದೆ. ಸಿಎಚ್340ರಲ್ಲಿ ಆ ಸೌಲಭ್ಯ ಇಲ್ಲ, ಯುಎಸ್‌ಬಿಯೊಳಗೆ ಆಗಲೇ ಇಳಿದದ್ದು ಹೋಗಿಯೇ ತೀರುತ್ತದೆ. ಹಳೇ ಸಿಸ್ಟಮ್‌ನ ಮೂಲ ಸೀರಿಯಲ್ ಪೋರ್ಟಿನಲ್ಲೂ 16 ಅಕ್ಷರದ ಸಾಲು ನಿಂತಿರುತ್ತದೆ, ಫಾನುಕ್ ಸಹಿಸುವುದು 10. ವಿಂಡೋಸ್ ಆದರೆ ಡಿವೈಸ್ ಮ್ಯಾನೇಜರಿನ ಅಡ್ವಾನ್ಸ್‌ಡ್‌ನಲ್ಲಿ ಕಳಿಸುವ ಬಫರನ್ನು ತೀರಾ ತಗ್ಗಿಸಬಹುದು.

086 ಅಂದರೆ ‘ಎದುರಿನವರು ಸಿದ್ಧ’ ಎನ್ನುವ ಡಿಎಸ್‌ಆರ್ ಸಿಗ್ನಲ್ ಇಲ್ಲ. ಮೂರೇ ತಂತಿಯ ಕೇಬಲ್ ಇದ್ದರೆ ಯಂತ್ರದ 25 ಪಿನ್ನಿನ ಬದಿಯಲ್ಲಿ 4–5 ಕೂಡಿಸಿ, 6–8–20 ಕೂಡಿಸಿ. ಒಮ್ಮೊಮ್ಮೆ ಮಾತ್ರ ಬರುತ್ತಿದ್ದರೆ ಆ ಜಂಪರಿನ ಬೆಸುಗೆ ಸಡಿಲವಾಗಿದೆ. ಮುಂದೆ 085 ಬಂದರೆ ವೇಗ ಅಥವಾ ಪ್ಯಾರಿಟಿ ಹೊಂದಿಲ್ಲ ಎಂದು ತಿಳಿಯಿರಿ.

ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು: ಕತ್ತರಿಸುತ್ತಿರುವಾಗಲೇ ಸಾಲು ಸಾಲಾಗಿ ಉಣಿಸುವ ದೊಡ್ಡ ಪ್ರೋಗ್ರಾಂಗಳಿಗೆ ಪೋರ್ಟ್ ಹಂಚಿಕೆಯೇ ತಪ್ಪು ದಾರಿ. ಸ್ವಿಚ್ಚಿನ ಪ್ಲಗ್ ಯಾರಾದರೂ ಎಳೆದರೆ ಟೂಲ್ ಜಾಬಿನ ಮೇಲೇ ನಿಲ್ಲುತ್ತದೆ. ಪೆಟ್ಟಿಗೆಯಲ್ಲಿ ಸಾಂಬಾ ಫೋಲ್ಡರ್ (ನೆಟ್‌ವರ್ಕ್ ಮೂಲಕ ವಿಂಡೋಸ್‌ಗೂ ಕಾಣುವ ಫೋಲ್ಡರ್) ಒಂದನ್ನು ತೆರೆದು, ಮಹಡಿಯಿಂದ ಫೈಲನ್ನು ಅಲ್ಲಿಗೆ ಇಳಿಸಿ, ಅಲ್ಲಿಂದಲೇ ಯಂತ್ರಕ್ಕೆ ಕಳಿಸಿ.

ಪ್ರಶ್ನೆ: ಎಂಟು ಎನರ್ಜಿ ಮೀಟರ್ ಒಂದೇ ಆರ್‌ಎಸ್-485 ತಂತಿಯಲ್ಲಿವೆ (ಹಲವು ಯಂತ್ರ ಕೂಡಿಸಬಹುದಾದ ಸೀರಿಯಲ್ ತಂತಿ), ಅವು ಆಡುವ ಭಾಷೆ ಮಾಡ್‌ಬಸ್. ಸುಳ್ಳು ಕಾಮ್ ಪೋರ್ಟ್ ಮೂಲಕ ಓದಿದರೆ ಸಿಆರ್‌ಸಿ (ಸಂದೇಶ ಸರಿಯಿದೆಯೇ ಎಂಬ ತಾಳೆ) ದೋಷ, ಟೈಮ್‌ಔಟ್. ಎರಡನೇ ಸಿಸ್ಟಮ್ ಸೇರಿಸಿದರೆ ಪೂರ್ತಿ ಗೊಂದಲ.
– ಶಿರಾದ ಓದುಗರು

ಉತ್ತರ: ಮಾಡ್‌ಬಸ್ ಆರ್‌ಟಿಯುನಲ್ಲಿ (ಸೀರಿಯಲ್ ತಂತಿಯ ಮೇಲಿನ ಮಾಡ್‌ಬಸ್) ಒಂದು ಸಂದೇಶ ಮುಗಿಯಿತು ಎಂದು ಗೊತ್ತಾಗುವುದು ಮೌನದಿಂದ, ಮೂರೂವರೆ ಅಕ್ಷರದಷ್ಟು ಮೌನ. 9600ರಲ್ಲಿ ಅದು 4 ಮಿಲಿಸೆಕೆಂಡ್. ಟಿಸಿಪಿ ಅಕ್ಷರಗಳನ್ನು ತಲುಪಿಸುತ್ತದೆ, ಮೌನವನ್ನಲ್ಲ. ಒಂದು ಸಂದೇಶ ಎರಡು ತುಂಡಾಗಿ ಬಂದರೆ ಪ್ರೋಗ್ರಾಂ ಮೊದಲ ತುಂಡನ್ನೇ ಪೂರ್ತಿ ಎಂದು ನಂಬಿ ಸಿಆರ್‌ಸಿ ದೋಷ ತೋರಿಸುತ್ತದೆ.

ನಿಮ್ಮ ಸಾಫ್ಟ್‌ವೇರ್ ಮಾಡ್‌ಬಸ್ ಟಿಸಿಪಿ ಬಲ್ಲುದಾದರೆ ಸೆರ್2ನೆಟ್ ಬಿಟ್ಟು ಲಿನಕ್ಸ್ ಪೆಟ್ಟಿಗೆಯಲ್ಲಿ ‘ಎಂಬಸ್‌ಡಿ’ ಹಾಕಿ. ಅದು 502ನೇ ಪೋರ್ಟಿನಲ್ಲಿ ಟಿಸಿಪಿ ಪ್ರಶ್ನೆ ಕೇಳಿಸಿಕೊಂಡು, ತಂತಿಯ ಮೇಲೆ ಆರ್‌ಟಿಯು ಆಗಿ ಕೇಳಿ, ಉತ್ತರ ತಿರುಗಿಸುತ್ತದೆ. ಮೌನದ ಲೆಕ್ಕ ಅದರದ್ದೇ. ಎರಡು ಸಿಸ್ಟಮ್ ಒಟ್ಟಿಗೆ ಕೇಳಿದರೂ ಸರದಿಯಲ್ಲಿ ನಿಲ್ಲಿಸುತ್ತದೆ. ಸೆರ್2ನೆಟ್‌ಗೆ ಆ ಬುದ್ಧಿ ಇಲ್ಲ, ಇಬ್ಬರ ಮಾತನ್ನೂ ಒಂದೇ ತಂತಿಗೆ ಸುರಿಯುತ್ತದೆ. ತಕ್ಕಡಿಗೆ ಇಬ್ಬರು ಕೇಳುಗರು ಇರಬಹುದು, ಅದು ಹೇಳುವ ಯಂತ್ರ. ಮೀಟರಿಗೆ ಕೇಳುವ ಯಜಮಾನ ಒಬ್ಬನೇ.

ಸಾಫ್ಟ್‌ವೇರ್ ಬದಲಿಸಲು ಆಗದಿದ್ದರೆ ಟೈಮ್‌ಔಟನ್ನು 1000 ಮಿಲಿಸೆಕೆಂಡಿಗೆ ಏರಿಸಿ. ಎಫ್‌ಟಿಡಿಐ (ಎಫ್‌ಟಿ232 ಚಿಪ್ಪಿನ) ಕನ್ವರ್ಟರಿನ ಲೇಟೆನ್ಸಿ ಟೈಮರ್ ಸಾಮಾನ್ಯವಾಗಿ 16 ಮಿಲಿಸೆಕೆಂಡ್ ಇರುತ್ತದೆ, 1ಕ್ಕೆ ಇಳಿಸಿ. ತಂತಿಯನ್ನೂ ಒಮ್ಮೆ ನೋಡಿ. 120 ಓಮ್ ರೆಸಿಸ್ಟರ್ ಎರಡು ತುದಿಯಲ್ಲಿ ಮಾತ್ರ, ಪ್ರತಿ ಮೀಟರಿಗೂ ಅಲ್ಲ. ಒಂದೂ ಮೀಟರ್ ಉತ್ತರಿಸದಿದ್ದರೆ ಎ ಮತ್ತು ಬಿ ತಂತಿ ಅದಲು ಬದಲು ಮಾಡಿ.

ಪ್ರಶ್ನೆ: ಉಬುಂಟುನಲ್ಲಿ ಕನ್ವರ್ಟರ್ ಸಿಕ್ಕಿಸಿದ ಕೂಡಲೇ ಪೋರ್ಟ್ ಕಂಡು ಮಾಯವಾಗುತ್ತದೆ. ಇನ್ನೊಂದು ಸಿಸ್ಟಮ್‌ನಲ್ಲಿ ಪೋರ್ಟ್ 0, 1 ತಾವೇ ಜಾಗ ಬದಲಿಸುತ್ತವೆ.
– ಕುಣಿಗಲ್‌ನ ಓದುಗರು

ಉತ್ತರ: ಮಾಯವಾಗುವುದು ಸಿಎಚ್340 ಚಿಪ್ಪಿನದ್ದು ಇರಬೇಕು. ಉಬುಂಟು 22.04ರಲ್ಲಿ ಬ್ರೈಲ್ ಪರದೆಗಳಿಗೆಂದು ಇರುವ ‘ಬಿಆರ್‌ಎಲ್‌ಟಿಟಿವೈ’ ಅದನ್ನು ತನ್ನದೆಂದು ಕಸಿದುಕೊಳ್ಳುತ್ತದೆ. ಬ್ರೈಲ್ ಬಳಸುವವರು ಇಲ್ಲದಿದ್ದರೆ ಆ ಪ್ಯಾಕೇಜ್ ತೆಗೆಯಿರಿ. ಪೋರ್ಟ್ ಉಳಿದು, ಮೊದಲ ಕೆಲವು ಸೆಕೆಂಡ್ ಯಂತ್ರಕ್ಕೆ ಬೇಡದ ಅಕ್ಷರ ಹೋಗುತ್ತಿದ್ದರೆ ಅದು ಮೋಡೆಮ್‌ಮ್ಯಾನೇಜರ್: ಸಿಕ್ಕಿದ್ದೆಲ್ಲ ಮೋಡೆಮ್ ಇರಬಹುದೆಂದು ‘ಎಟಿ’ ಆಜ್ಞೆ ಕಳಿಸಿ ಪರೀಕ್ಷಿಸುತ್ತದೆ. ಡಾಂಗಲ್ ಬಳಸದ ಸಿಸ್ಟಮ್‌ನಲ್ಲಿ ಅದನ್ನೂ ನಿಲ್ಲಿಸಿ.

ಜಾಗ ಬದಲಿಗೆ ಪರಿಹಾರ: 0, 1 ಎಂಬ ಸಂಖ್ಯೆಯ ಹೆಸರು ಬಿಟ್ಟು, ಡೆವ್ ಫೋಲ್ಡರಿನ ಸೀರಿಯಲ್ ಒಳಗಿನ ‘ಬೈ-ಐಡಿ’ ಹೆಸರು ಬರೆಯಿರಿ. ಸಿಎಚ್340 ಚಿಪ್‌ಗಳಿಗೆ ಸಾಮಾನ್ಯವಾಗಿ ಕ್ರಮಸಂಖ್ಯೆ ಇರುವುದಿಲ್ಲ, ಹಾಗಾಗಿ ಎರಡು ಇದ್ದರೆ ಎರಡಕ್ಕೂ ಒಂದೇ ಐಡಿ. ಆಗ ‘ಬೈ-ಪಾತ್’ ಬಳಸಿ, ಯಾವ ಕೇಬಲ್ ಯಾವ ತೂತಿಗೆ ಎಂದು ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿ. ‘ಅನುಮತಿ ಇಲ್ಲ’ ಎಂದು ಬಂದರೆ ಬಳಕೆದಾರರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಮಾಡಿ ಮತ್ತೆ ಒಳಗೆ ಬನ್ನಿ. ಹಳೇ ಪಿಎಲ್2303 ಕೇಬಲ್ ವಿಂಡೋಸ್ 11ರಲ್ಲಿ ಕೆಲಸ ಮಾಡದಿದ್ದರೆ ಎಸೆಯಬೇಡಿ, ಲಿನಕ್ಸ್ ಬದಿಯಲ್ಲಿ ನಡೆಯುತ್ತದೆ.

ಪ್ರಶ್ನೆ: ಯಂತ್ರ ಸಿಕ್ಕಿಸಿರುವುದು ವಿಂಡೋಸ್ ಸಿಸ್ಟಮ್‌ಗೆ, ಓದಬೇಕಾದದ್ದು ಲಿನಕ್ಸ್. ಅಂದರೆ ಉಲ್ಟಾ. ಅದೇ ವಿಂಡೋಸ್‌ನೊಳಗೇ ಓಡುವ ಲಿನಕ್ಸ್, ಅಂದರೆ ಡಬ್ಲ್ಯೂಎಸ್‌ಎಲ್‌ನಲ್ಲೂ ಬೇಕು.
– ತುರುವೇಕೆರೆಯ ಓದುಗರು

ಉತ್ತರ: ವಿಂಡೋಸ್‌ನಲ್ಲಿ ಹಬ್4ಕಾಮ್ ಜೊತೆ ಬರುವ ‘ಕಾಮ್2ಟಿಸಿಪಿ-ಆರ್‌ಎಫ್‌ಸಿ2217’ ಓಡಿಸಿ, ಮುಂದೆ ಕಾಮ್1, 7000 ಎಂದು ಕೊಡಿ. ಅಸಲಿ ಪೋರ್ಟನ್ನು ಹಂಚುವುದರಿಂದ ಇಲ್ಲಿ ಕಾಮ್0ಕಾಮ್ ಡ್ರೈವರ್ ಬೇಕಿಲ್ಲ. ಫೈರ್‌ವಾಲಿನಲ್ಲಿ 7000 ತೆರೆಯಿರಿ, ಸಿಸ್ಟಮ್ ನಿದ್ದೆಗೆ ಹೋಗದಂತೆ ಮಾಡಿ. ಲಿನಕ್ಸ್‌ನಲ್ಲಿ ಪೈಥಾನ್ ಬರೆಯುವವರು ಪೈಸೀರಿಯಲ್‌ಗೆ ಪೋರ್ಟ್ ಹೆಸರಿನ ಬದಲು ಆರ್‌ಎಫ್‌ಸಿ2217ರಿಂದ ಶುರುವಾಗುವ ವಿಳಾಸ ಕೊಟ್ಟರೆ ಸಾಕು. ಸೋಕ್ಯಾಟ್‌ಗೆ ಈ ಒಪ್ಪಂದ ಬರುವುದಿಲ್ಲ. ಡಬ್ಲ್ಯೂಎಸ್‌ಎಲ್ 2 ಕಾಮ್ ಪೋರ್ಟನ್ನು ನೇರ ನೋಡುವುದಿಲ್ಲ. ‘ಯುಎಸ್‌ಬಿಐಪಿಡಿ-ವಿನ್’ ಹಾಕಿ ಕನ್ವರ್ಟರನ್ನೇ ಅದಕ್ಕೆ ಒಪ್ಪಿಸಬೇಕು. ಆದರೆ ಒಪ್ಪಿಸಿದ ಮೇಲೆ ವಿಂಡೋಸ್‌ಗೆ ಅದು ಸಿಗುವುದಿಲ್ಲ. ಇಬ್ಬರಿಗೂ ಬೇಕೆಂದರೆ ಮೇಲಿನ 7000 ದಾರಿಯೇ ಸರಿ.

ಪ್ರಶ್ನೆ: ಮಧುಗಿರಿಯ ಶಾಖೆಯ ತಕ್ಕಡಿಯನ್ನು ತುಮಕೂರಿನಿಂದ ನೋಡಬೇಕು. ರೂಟರಿನಲ್ಲಿ 2001 ತೆರೆದರೆ ಆಯಿತೇ?
– ಮಧುಗಿರಿಯ ಓದುಗರು

ಉತ್ತರ: ಬೇಡವೇ ಬೇಡ. ಮೇಲೆ ಬರೆದಂತೆ ಹೊಂದಿಸಿದ ಸೆರ್2ನೆಟ್ ಹೆಸರು, ಪಾಸ್‌ವರ್ಡ್ ಏನೂ ಕೇಳುವುದಿಲ್ಲ. ಬಾಗಿಲು ತೆರೆದರೆ ಊರಿಗೆಲ್ಲ ತೆರೆದಂತೆ. ಎರಡು ಕಡೆಯೂ ವೈರ್‌ಗಾರ್ಡ್ (ಇಂಟರ್ನೆಟ್ಟಿನೊಳಗೆ ಗುಪ್ತ ಸುರಂಗ ಕೊರೆಯುವ ಪ್ರೋಗ್ರಾಂ) ಹಾಕಿ, ಆ ಸುರಂಗದ ವಿಳಾಸಕ್ಕೆ ಮಾತ್ರ ಸೆರ್2ನೆಟ್ ಕಿವಿಗೊಡಲಿ: ಆಕ್ಸೆಪ್ಟರ್‌ನಲ್ಲಿ ಟಿಸಿಪಿ ಮತ್ತು 2001ರ ನಡುವೆ ಆ ವಿಳಾಸ ಬರೆಯಿರಿ. ಶಾಖೆಯಲ್ಲಿ ಮೊಬೈಲ್ ಸಿಮ್ಮಿನ ಇಂಟರ್ನೆಟ್ ಇದ್ದರೆ ಸಾಮಾನ್ಯವಾಗಿ ಹೊರಗಿನಿಂದ ಕರೆಯಲು ವಿಳಾಸವೇ ಸಿಗುವುದಿಲ್ಲ. ಆಗ ಶಾಖೆಯ ಪೆಟ್ಟಿಗೆಯೇ ತುಮಕೂರಿಗೆ ಕರೆ ಮಾಡಬೇಕು, ತುಮಕೂರಿನಲ್ಲಿ ಸ್ಥಿರ ವಿಳಾಸ ಇರಬೇಕು. ವೈರ್‌ಗಾರ್ಡ್‌ನ ‘ಪರ್ಸಿಸ್ಟೆಂಟ್ ಕೀಪ್‌ಅಲೈವ್’ 25 ಸೆಕೆಂಡಿಗೆ ಇಡಿ, ಇಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ದಾರಿ ಮುಚ್ಚಿಹೋಗುತ್ತದೆ.

ಪ್ರಶ್ನೆ: ಪ್ರಾಜೆಕ್ಟಿಗೆ ಆರ್ಡುಯಿನೋ ಉನೋ ಬೋರ್ಡನ್ನು ಪೈಗೆ ಸಿಕ್ಕಿಸಿದ್ದೇವೆ. ಯಾರು ಕನೆಕ್ಟ್ ಆದರೂ ಅದು ರೀಸೆಟ್ ಆಗಿ ಎಣಿಕೆ ಸೊನ್ನೆಗೆ ಬರುತ್ತದೆ. ನನ್ನ ಮ್ಯಾಕ್‌ಗೆ ನೇರ ಸಿಕ್ಕಿಸಿದರೆ ಪ್ರೋಗ್ರಾಂ ತೆರೆಯದೆ ಕಾಯುತ್ತಾ ಕೂರುತ್ತದೆ.
– ತುಮಕೂರಿನ ವಿದ್ಯಾರ್ಥಿನಿ

ಉತ್ತರ: ಮೊದಲ ಸಂಪರ್ಕ ಬಂದಾಗ ಸೆರ್2ನೆಟ್ ಪೋರ್ಟ್ ತೆರೆಯುತ್ತದೆ, ಡಿಟಿಆರ್ ಬದಲಾಗುತ್ತದೆ. ಉನೋದಲ್ಲಿ ಆ ಗೆರೆ ಸಣ್ಣ ಕೆಪಾಸಿಟರ್ ಮೂಲಕ ರೀಸೆಟ್‌ಗೆ ಸೇರಿದೆ. ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಪ್ಲಸ್ ಕಾಲು ರೀಸೆಟ್ ಕಡೆಗೆ. ಹೊಸ ಸ್ಕೆಚ್ (ಆರ್ಡುಯಿನೋ ಪ್ರೋಗ್ರಾಂ) ಏರಿಸುವಾಗ ಮಾತ್ರ ಅದನ್ನು ಕಿತ್ತಿಡಿ. ಮ್ಯಾಕ್‌ನಲ್ಲಿ ಒಂದೇ ಪೋರ್ಟಿಗೆ ಎರಡು ಹೆಸರು: ‘ಟಿಟಿವೈ’ಯಿಂದ ಶುರುವಾಗುವುದು ಎದುರಿನಿಂದ ಕ್ಯಾರಿಯರ್ ಸಿಗ್ನಲ್ ಬರಲಿ ಎಂದು ಕಾಯುತ್ತದೆ, ‘ಸಿಯು’ ಕಾಯುವುದಿಲ್ಲ. ನಿಮಗೆ ಬೇಕಾದ್ದು ‘ಸಿಯು’.